ಕಾಣದ ದ್ವೀಪಗಳ ಸಂಗೀತ

ಕೇಳುವವನನ್ನು ಕುಳಿತ ಕಡೆಯಿಂದಲೇ ದೂರದ ದ್ವೀಪಕ್ಕೆ ಕರೆದೊಯ್ಯಬೇಕೆಂಬ ಒಂದೇ ಹವಣಿಕೆಯ ಸಂಗೀತವೊಂದು ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ಬೆಳೆಯಿತು. ಅದರ ಹೆಸರು ‘ಎಕ್ಸಾಟಿಕಾ’. ರಾವಂದೂರಿನ ನನ್ನ ಮನೆಯಲ್ಲಿ ಆ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳುವುದು ನನಗೊಂದು ಹವ್ಯಾಸ. ಅದರ ಸೊಗಸು ಯಾವುದು, ಅದನ್ನು ಹೇಗೆ ಸವಿಯಬೇಕು ಎಂಬುದೇ ಇಂದಿನ ನನ್ನ ವಿಷಯ.

1951ರಲ್ಲಿ ಲೆಸ್ ಬ್ಯಾಕ್ಸ್‌ಟರ್ ‘ಕ್ವೈಯೆಟ್ ವಿಲೇಜ್’ ಎಂಬ ಕೃತಿಯನ್ನು ದೊಡ್ಡ ವಾದ್ಯವೃಂದಕ್ಕಾಗಿ ರಚಿಸಿದ. ನ್ಯೂಯಾರ್ಕಿನಲ್ಲಿ ಹುಟ್ಟಿದ ಪಿಯಾನೊ ವಾದಕ ಮಾರ್ಟಿನ್ ಡೆನ್ನಿ ಅದನ್ನು ಹವಾಯಿ ದ್ವೀಪಗಳ ಹೊನೊಲುಲು ನಗರದ ಹೋಟೆಲೊಂದರಲ್ಲಿ ಸಣ್ಣ ಮೇಳದೊಡನೆ ನುಡಿಸುತ್ತಿದ್ದ. ಹತ್ತಿರದ ಕೊಳದ ಕಪ್ಪೆಗಳು ವಟಗುಟ್ಟಿದಾಗ ವಾದಕರು ತಮಾಷೆಗೆ ಹಕ್ಕಿಗಳಂತೆ ಕೂಗಿದರಂತೆ. ಕೇಳುಗರು ಆ ಕೂಗನ್ನೇ ಮತ್ತೆ ಬಯಸಿದರಂತೆ. ಡೆನ್ನಿಯ 1957ರ ‘ಎಕ್ಸಾಟಿಕಾ’ ತಟ್ಟೆಯಲ್ಲಿ ಈ ಕೂಗುಗಳಿಗೂ ಸ್ಥಾನ ದೊರೆಯಿತು. ಇಡೀ ಪ್ರಕಾರಕ್ಕೆ ಅದೇ ಹೆಸರು ನಿಂತಿತು. ಲೋಹದ ಪಟ್ಟಿಗಳ ಮೇಲೆ ಬಡಿದು ನುಡಿಸುವ ವೈಬ್ರಫೋನಿನ ತೂಗುವ ನಾದ, ಬಾಂಗೊ ಡೋಲುಗಳ ಮೆಲುಪೆಟ್ಟು, ನಡುನಡುವೆ ಬಿಡುವಾದ ಮೌನ: ಇವೇ ಅದರ ಬಂಡವಾಳ.

ಈ ಬಗೆಯ ಸಂಗೀತ ನಮಗೆ ತೀರ ಅಪರಿಚಿತವಲ್ಲ. ತಂತಿಯ ಮೇಲೆ ಉಕ್ಕಿನ ಸರಳನ್ನು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರು, 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದ ಟೌ ಮೋಯಿಯಂಥ ಕಲಾವಿದರಿಂದ ನಮ್ಮ ನಾಡಿನಲ್ಲಿ ಹರಡಿತು, ಚಿತ್ರಗೀತೆಗಳಿಗೂ ಬಂದಿತು. 1968ರ ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರಗಳಿಗೆ ಜಿ.ಕೆ. ವೆಂಕಟೇಶ್ ಅವರು ನೀಡಿದ ಸಂಗೀತದಲ್ಲಿಯೂ ದೂರದ ಊರಿನ ಇಂಥದೇ ಮೋಹಕ ಗಾಳಿ ಬೀಸುತ್ತದೆ.

ಆದರೆ ಒಂದು ಪ್ರಶ್ನೆ ಏಳುತ್ತದೆ. ಡೆನ್ನಿಯ ದ್ವೀಪ ಯಾವ ಭೂಪಟದಲ್ಲಿದೆ? ಎಲ್ಲಿಯೂ ಇಲ್ಲ. 1893ರಲ್ಲಿ ತನ್ನ ರಾಣಿಯನ್ನು, 1898ರಲ್ಲಿ ಸ್ವಾತಂತ್ರ್ಯವನ್ನೇ ಕಳೆದುಕೊಂಡ ಹವಾಯಿಯ ದುಃಖ ಆ ತಟ್ಟೆಯಲ್ಲಿ ಕೇಳಿಸುವುದಿಲ್ಲ. ನಾವೂ ಹೊರತಲ್ಲ. ಗರಿ ಸಿಕ್ಕಿಸಿಕೊಂಡು ಕುಣಿಯುವ ‘ಕಾಡುಜನ’ರನ್ನು ನಮ್ಮ ಸಿನಿಮಾಗಳೂ ಕಟ್ಟಿಕೊಂಡವು. ನಮ್ಮ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ಸೀಮೆಯ ಜೇನುಕುರುಬರು ಆ ಚಿತ್ರದಲ್ಲಿ ಎಲ್ಲಿದ್ದಾರೆ? ನಾಗರಹೊಳೆಯ ಕಾಡಿನಿಂದ ಹೊರಬರಬೇಕಾದ ಆ ಜನಕ್ಕೆ ಅವರದೇ ಹಾಡುಗಳಿವೆ, ಅವರದೇ ನುಡಿಯಿದೆ.

ಹಾಗೆಂದು ಆ ತಟ್ಟೆಗಳನ್ನು ಅಟ್ಟಕ್ಕೆ ಹಾಕಬೇಕೆಂದು ನಾನು ಹೇಳಲಾರೆ. ಕನಸು ಕಾಣುವುದು ಅಪರಾಧವಲ್ಲ; ಕನಸನ್ನೇ ಊರೆಂದು ನಂಬುವುದು ಮಾತ್ರ ಅಪಾಯ. ಆ ಹಕ್ಕಿಯ ಕೂಗು ಮನುಷ್ಯನ ಕೊರಳಿನದೆಂದು ತಿಳಿದು ಕೇಳಿದರೆ ಅದರ ಸೊಗಸು ಕುಂದುವುದಿಲ್ಲ. ಹಾಗೆ ಕೇಳಿದ ಕಿವಿಗೆ ನಿಜವಾದ ಹಕ್ಕಿಯ ದನಿಯೂ, ಪಕ್ಕದ ಹಾಡಿಯ ಹಾಡೂ ಹೆಚ್ಚು ಸ್ಪಷ್ಟವಾಗಿ ಕೇಳಿಸೀತು.