ಕೋಡ್ ಬರಬೇಕಿಲ್ಲ, ಒಂದು ಸಾಲು ನೆಟ್ಟಗೆ ಬರೆಯಲು ಬಂದರೆ ಸಾಕು

ಕೆಲಸಕ್ಕೆ ಅರ್ಜಿ ಹಾಕುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಪಟ್ಟಿಗಳನ್ನೆಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡಿ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ 'ಪಿಡಿಎಫ್' ಎಂದು ಹುಡುಕಿದರೆ ಹತ್ತಾರು ಸಾಫ್ಟ್‌ವೇರ್‌ಗಳ ಪಟ್ಟಿ ಬರುತ್ತದೆ. ಒಂದರ ಕೆಳಗೆ 'ಅತ್ಯಂತ ಶಕ್ತಿಶಾಲಿ ಪಿಡಿಎಫ್ ಪರಿಹಾರ' ಎಂದಿರುತ್ತದೆ, ಇನ್ನೊಂದರ ಕೆಳಗೆ 'ಪೈಥಾನ್‌ನಲ್ಲಿ ಬರೆದ ಟೂಲ್‌ಕಿಟ್' ಎಂದಿರುತ್ತದೆ. ಯಾವುದು ಪುಟಗಳನ್ನು ಜೋಡಿಸುತ್ತದೆ, ಯಾವುದು ಓದಲು ಮಾತ್ರ ಬರುತ್ತದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಒಂದೊಂದನ್ನೇ ಇಳಿಸಿಕೊಂಡು ನೋಡಬೇಕು. ಡೇಟಾ ಖಾಲಿಯಾಗುತ್ತದೆ, ಅರ್ಜಿಯ ಕೊನೆಯ ದಿನವೂ ಮುಗಿಯುತ್ತದೆ.

ಸಾಫ್ಟ್‌ವೇರ್ ಕೆಟ್ಟದ್ದಾಗಿರುವುದಿಲ್ಲ. ಅದರ ಹೆಸರಿನ ಪಕ್ಕದ ಒಂದು ಸಾಲು ಕೆಟ್ಟದಾಗಿರುತ್ತದೆ, ಅಷ್ಟೆ. ಆ ಸಾಲನ್ನು ಓದಿ, ತಿದ್ದಿ, ಎಲ್ಲರಿಗೂ ಅರ್ಥವಾಗುವಂತೆ ಮಾಡುವುದೂ ಒಂದು ಕೆಲಸ. ಅದಕ್ಕೆ ನಿಯಮಗಳಿವೆ. ಜಗತ್ತಿನಾದ್ಯಂತ ಅದನ್ನು ಮಾಡುವ ಸ್ವಯಂಸೇವಕರಿದ್ದಾರೆ. ಕೋಡಿಂಗ್ ಬಾರದವರೂ ಇದನ್ನು ಮಾಡಬಹುದು ಎಂಬುದು ನಮ್ಮಂಥ ಊರಿನ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ವಿಷಯ.

ಹೊಸಬರಿಗಾಗಿ ಬರೆದ ಸಾಲು

ಲಿನಕ್ಸ್ ಜಗತ್ತಿನಲ್ಲಿ ಸಾಫ್ಟ್‌ವೇರ್‌ಗಳು 'ಪ್ಯಾಕೇಜು'ಗಳಾಗಿ ಬರುತ್ತವೆ. ಪ್ರೋಗ್ರಾಂ, ಅದಕ್ಕೆ ಬೇಕಾದ ಫೈಲುಗಳು, ಅದರ ಪರಿಚಯ, ಎಲ್ಲವೂ ಸೇರಿದ ಒಂದು ಗಂಟು ಎಂದುಕೊಳ್ಳಿ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇಂಥ ಪ್ಯಾಕೇಜುಗಳ ಬಹುದೊಡ್ಡ ಭಂಡಾರ. 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಉಬುಂಟು ಕೂಡ ಇದೇ ಬುನಾದಿಯ ಮೇಲೆ ನಿಂತಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಸುವ 'ಕೈಟ್' ಲಿನಕ್ಸ್ ಇದೇ ಕುಟುಂಬದ್ದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದು ಅದರ ಮೇಲೆಯೇ. ಅಂದರೆ ಡೆಬಿಯನ್‌ನಲ್ಲಿ ಒಂದು ಸಾಲು ಸರಿಯಾದರೆ ಅದರ ಫಲ ಬಹಳ ದೂರ ಹೋಗುತ್ತದೆ.

ಪ್ರತಿ ಪ್ಯಾಕೇಜಿನ ವಿವರಣೆಯಲ್ಲಿ ಎರಡು ಭಾಗ. ಮೊದಲನೆಯದು ಒಂದು ಸಾಲಿನ ಸಾರಾಂಶ. ಅದು 80 ಅಕ್ಷರಗಳ ಒಳಗಿರಬೇಕು. ಎರಡನೆಯದು ಕೆಲವು ವಾಕ್ಯಗಳ ವಿಸ್ತೃತ ವಿವರಣೆ. ಡೆಬಿಯನ್ ನೀತಿ ಇದರ ಉದ್ದೇಶವನ್ನು ಸ್ಪಷ್ಟವಾಗಿ ಹೇಳುತ್ತದೆ: ಈ ಪ್ಯಾಕೇಜನ್ನು ಹಿಂದೆಂದೂ ಕಾಣದ ವ್ಯಕ್ತಿಗೆ, ಅದನ್ನು ಹಾಕಿಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಬೇಕಾದಷ್ಟು ಮಾಹಿತಿ ಸಿಗಬೇಕು. ಪ್ರೋಗ್ರಾಂ ಜೊತೆ ಬಂದ ಕೈಪಿಡಿಯಿಂದ ಹಾಗೇ ನಕಲು ಮಾಡಿ ಅಂಟಿಸಬಾರದು.

ಸಾರಾಂಶಕ್ಕೆ ಇನ್ನೂ ಕೆಲವು ಕಟ್ಟುಪಾಡುಗಳಿವೆ. ಪ್ಯಾಕೇಜಿನ ಹೆಸರನ್ನೇ ಮತ್ತೆ ಬರೆಯಬಾರದು, ಅದು ಹೇಗೂ ಪಕ್ಕದಲ್ಲೇ ಇರುತ್ತದೆ. ಇಂಗ್ಲಿಷಿನ 'ಎ', 'ಆ್ಯನ್', 'ದಿ'ಗಳಿಂದ ಶುರು ಮಾಡಬಾರದು. ಪೂರ್ಣ ವಾಕ್ಯವಾಗಿರಬೇಕಿಲ್ಲ, ಕೊನೆಗೆ ಚುಕ್ಕಿ ಬೇಡ. 'ಲಿಂಟಿಯನ್' ಎಂಬ ಪರೀಕ್ಷಕ ಪ್ರೋಗ್ರಾಂ ಇಂಥ ತಪ್ಪುಗಳನ್ನೂ ಕಾಗುಣಿತದ ದೋಷಗಳನ್ನೂ ಹಿಡಿದು ತೋರಿಸುತ್ತದೆ. ಆದರೆ ಸಾಲು ಅರ್ಥವಾಗುತ್ತದೆಯೇ ಎಂದು ಹೇಳಲು ಮನುಷ್ಯರೇ ಬೇಕು.

ತಿದ್ದುವುದು ಹೇಗೆ?

ಉದಾಹರಣೆಗೆ ಇಂಥದೊಂದು ಸಾಲು ಇದೆ ಎಂದುಕೊಳ್ಳೋಣ: 'ಪೈಥಾನ್‌ನಲ್ಲಿ ಬರೆಯಲಾದ, ವೇಗವಾದ, ಬಳಸಲು ಸುಲಭವಾದ, ಅತ್ಯಾಧುನಿಕ ಪಿಡಿಎಫ್ ಟೂಲ್'. ಒಂದೊಂದೇ ಪದ ಹಿಡಿದು ಕೇಳಿ. 'ಪೈಥಾನ್' ಬಳಸುವವರಿಗೆ ಬೇಕೇ? ಬೇಡ. 'ವೇಗ' ಯಾವುದಕ್ಕೆ ಹೋಲಿಸಿದರೆ? ಗೊತ್ತಿಲ್ಲ. 'ಸುಲಭ' ಎಂದು ಯಾರು ತೀರ್ಮಾನಿಸಿದರು? ಬರೆದವರೇ. 'ಅತ್ಯಾಧುನಿಕ' ಎಂಬುದು ಎರಡು ವರ್ಷದ ನಂತರವೂ ನಿಜವಾಗಿರುತ್ತದೆಯೇ? ಇವನ್ನೆಲ್ಲ ತೆಗೆದರೆ ಉಳಿಯುವುದು 'ಪಿಡಿಎಫ್ ಟೂಲ್'. ಅಂದರೆ ಆ ಸಾಲು ಹೇಳಿದ್ದು ಅಷ್ಟೇ. ಈಗ ಪ್ರೋಗ್ರಾಂ ತೆರೆದು, ಅದು ಏನು ಮಾಡುತ್ತದೆ ಎಂದು ನೋಡಿ ಬರೆಯಿರಿ: 'ಪಿಡಿಎಫ್ ಫೈಲುಗಳನ್ನು ಜೋಡಿಸುವ, ಬಿಡಿಸುವ, ಪುಟಗಳ ಕ್ರಮ ಬದಲಿಸುವ ಸಾಧನ'. ಡೆಬಿಯನ್‌ನಲ್ಲಿರುವ 'ಪಿಡಿಎಫ್ ಅರೇಂಜರ್' ಎಂಬ ಪ್ಯಾಕೇಜಿನ ಸಾರಾಂಶ ಹೆಚ್ಚುಕಡಿಮೆ ಇದೇ ಅರ್ಥ ಕೊಡುತ್ತದೆ. ಅಂಕಪಟ್ಟಿ ಜೋಡಿಸಬೇಕಾದವರು ಓದಿದ ಕೂಡಲೇ 'ಇದೇ ಬೇಕಾಗಿದ್ದದ್ದು' ಎಂದುಕೊಳ್ಳುತ್ತಾರೆ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಹುಡುಕಾಟ ನಡೆಯುವುದು ವಿವರಣೆಯ ಪದಗಳ ಮೇಲೂ ಹೌದು. 'ಜೋಡಿಸು' ಎಂಬ ಅರ್ಥದ ಪದ ಅಲ್ಲಿಲ್ಲದಿದ್ದರೆ, ಜೋಡಿಸುವ ಸಾಧನ ಹುಡುಕುವವರ ಕಣ್ಣಿಗೆ ಆ ಪ್ಯಾಕೇಜು ಬೀಳುವುದೇ ಇಲ್ಲ.

ಭಾಷೆಯೋ, ಲಿಪಿಯೋ?

ಕನ್ನಡಕ್ಕೇ ಸಂಬಂಧಿಸಿದ ಒಂದು ಉದಾಹರಣೆ ನೋಡಿ. ಡೆಬಿಯನ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳ ಪ್ಯಾಕೇಜುಗಳಿವೆ. ಲೋಹಿತ್‌ನ ಸಾರಾಂಶದಲ್ಲಿ 'ಕನ್ನಡ ಭಾಷೆಗೆ' ಎಂಬ ಅರ್ಥದ ಮಾತಿದೆ. ಗುಬ್ಬಿಯದರಲ್ಲಿ 'ಕನ್ನಡ ಲಿಪಿಗೆ' ಎಂದಿದೆ. ಕೈಬರಹದಂತೆ ಕಾಣುವ ನವಿಲುವಿನದರಲ್ಲಿ ಬರೀ 'ಕನ್ನಡಕ್ಕೆ' ಎಂದಿದೆ. ಮೂರೂ ಒಂದೇ ಬಗೆಯ ವಸ್ತುಗಳು, ಹೇಳುವ ರೀತಿ ಮಾತ್ರ ಮೂರು.

ಇದರಿಂದ ಏನು ವ್ಯತ್ಯಾಸ ಎಂದು ಕೇಳಬಹುದು. ಫಾಂಟ್ ಬೇಕಾಗುವುದು ಲಿಪಿಗೆ. ಕನ್ನಡ ಲಿಪಿಯಲ್ಲಿ ತುಳು ಬರೆಯುತ್ತಾರೆ, ಕೊಡವ ಬರೆಯುತ್ತಾರೆ, ಕರ್ನಾಟಕದಲ್ಲಿ ಕೊಂಕಣಿಯನ್ನೂ ಬರೆಯುತ್ತಾರೆ. 'ಕನ್ನಡ ಭಾಷೆಗೆ' ಎಂದು ಓದಿದ ತುಳು ಬರಹಗಾರ್ತಿ ಇದು ತನಗಲ್ಲ ಎಂದುಕೊಂಡು ಮುಂದೆ ಹೋಗಬಹುದು.

ಕೋಲಾರ ಜಿಲ್ಲೆಯವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋರಮಂಡಲ್‌ನಿಂದ ಮಾರಿಕುಪ್ಪಂವರೆಗೆ ಎಷ್ಟೋ ಮನೆಗಳಲ್ಲಿ ಮಾತು ತಮಿಳು. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ ಎನ್ನುವವರು ಬೇಕಾದಷ್ಟು ಮಂದಿ. ಆಡುವ ಭಾಷೆ ಒಂದು, ಬರೆಯುವ ಲಿಪಿ ಇನ್ನೊಂದು ಎಂಬುದು ನಮಗೆ ದಿನನಿತ್ಯದ ಅನುಭವ. ಎಲ್ಲೋ ದೂರದಲ್ಲಿ ಕುಳಿತ ಪರಿಣತ ಪ್ರೋಗ್ರಾಮರ್‌ಗೆ ಹೊಳೆಯದ ಈ ಸೂಕ್ಷ್ಮ ನಮ್ಮ ಕಾಲೇಜಿನ ಮೊದಲ ವರ್ಷದ ಹುಡುಗಿಗೆ ಹೊಳೆಯುತ್ತದೆ. ಒಂದು ಸಾಲನ್ನು ತಿದ್ದಲು ಬೇಕಾದ ಅರ್ಹತೆ ಕೆಲವೊಮ್ಮೆ ಇಷ್ಟೇ.

ಏಕರೂಪತೆ ಯಾಕೆ?

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ. ಕೋರಮಂಡಲ್, ಬೆಮೆಲ್ ನಗರ, ಉರಿಗಾಂ, ಚಾಂಪಿಯನ್... ಪ್ರತಿ ನಿಲ್ದಾಣದಲ್ಲೂ ಅದೇ ಹಳದಿ ಫಲಕ, ಅದೇ ಕಪ್ಪು ಅಕ್ಷರ. ಹೆಸರು ಎಲ್ಲಿರುತ್ತದೆಂದು ಕಣ್ಣಿಗೆ ಮೊದಲೇ ಗೊತ್ತು. ಒಂದೊಂದು ನಿಲ್ದಾಣಕ್ಕೆ ಒಂದೊಂದು ಬಣ್ಣ, ಒಂದೊಂದು ಅಳತೆಯ ಫಲಕ ಹಾಕಿದ್ದರೆ ಓಡುವ ರೈಲಿನಿಂದ ಓದುವುದು ಕಷ್ಟವಾಗುತ್ತಿತ್ತು. ಪ್ಯಾಕೇಜುಗಳ ಪಟ್ಟಿಯನ್ನು ನೋಡುವವರೂ ಹೀಗೇ ಓಡುವ ಕಣ್ಣಿನಲ್ಲಿ ನೋಡುತ್ತಾರೆ.

ಲಿಬ್ರೆ ಆಫೀಸ್‌ನ ಪ್ಯಾಕೇಜುಗಳು ಇದಕ್ಕೆ ಒಳ್ಳೆಯ ಮಾದರಿ. ಎಲ್ಲದರ ಸಾರಾಂಶವೂ 'ಕಚೇರಿ ಕೆಲಸದ ತಂತ್ರಾಂಶ' ಎಂಬ ಅರ್ಥದ ಒಂದೇ ಮಾತಿನಿಂದ ಆರಂಭವಾಗಿ, ಗೆರೆಯ ನಂತರ ಬೇರೆಯಾಗುತ್ತದೆ: ಒಂದು ಪತ್ರ ಬರೆಯಲು, ಒಂದು ಲೆಕ್ಕದ ಹಾಳೆಗೆ, ಒಂದು ಪ್ರೆಸೆಂಟೇಷನ್‌ಗೆ. ಎಲ್ಲವೂ ಒಂದೇ ಮನೆಯವು ಎಂದೂ, ಯಾವುದು ಯಾವುದಕ್ಕೆ ಎಂದೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಅನುವಾದಕರಿಗಂತೂ ಏಕರೂಪತೆ ಎಂದರೆ ಉಳಿದ ಸಮಯ. ಡೆಬಿಯನ್‌ನಲ್ಲಿ ವಿವರಣೆಗಳನ್ನು ಬೇರೆ ಭಾಷೆಗಳಿಗೆ ತರುವ ಪ್ರತ್ಯೇಕ ಯೋಜನೆಯೇ ಇದೆ. ಹತ್ತು ಪ್ಯಾಕೇಜುಗಳಲ್ಲಿ ಒಂದೇ ಪ್ಯಾರಾ ಅಕ್ಷರಶಃ ಹಾಗೇ ಇದ್ದರೆ ಅದನ್ನು ಒಮ್ಮೆ ಅನುವಾದಿಸಿದರೆ ಸಾಕು, ಉಳಿದ ಕಡೆಯೂ ಬಳಕೆಯಾಗುತ್ತದೆ. ಅದೇ ಮಾತನ್ನು ಹತ್ತು ಬಗೆಯಲ್ಲಿ ಬರೆದಿದ್ದರೆ ಹತ್ತು ಬಾರಿ ಅನುವಾದಿಸಬೇಕು. ಕನ್ನಡದಂತೆ ಕೆಲಸ ಮಾಡುವ ಕೈಗಳು ಕಡಿಮೆಯಿರುವ ಭಾಷೆಗೆ ಇದು ಸಣ್ಣ ಹೊರೆಯಲ್ಲ.

ತಿದ್ದುವವರಿಗೂ ಶಿಸ್ತು ಬೇಕು

ಹಾಗೆಂದು ಕಂಡದ್ದನ್ನೆಲ್ಲ ತಿದ್ದುತ್ತಾ ಹೋಗುವಂತಿಲ್ಲ. ಡೆಬಿಯನ್‌ನಲ್ಲಿ ಪ್ರತಿ ಇಂಗ್ಲಿಷ್ ವಿವರಣೆಗೂ ಬೆರಳಚ್ಚಿನಂಥ ಒಂದು ಗುರುತು ಇರುತ್ತದೆ. ಅನುವಾದಗಳು ಆ ಗುರುತಿಗೆ ಅಂಟಿಕೊಂಡಿರುತ್ತವೆ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಬದಲಾಗುತ್ತದೆ, ಎಲ್ಲ ಭಾಷೆಗಳ ಅನುವಾದವನ್ನೂ ಮತ್ತೆ ಪರಿಶೀಲಿಸಬೇಕಾಗುತ್ತದೆ. ಆದ್ದರಿಂದ ನಿಮ್ಮ ರುಚಿಗೆ ಒಗ್ಗಲಿಲ್ಲ ಎಂಬ ಕಾರಣಕ್ಕೆ ಒಂದು ಪದ ಬದಲಿಸುವುದು ಉಪಕಾರವಲ್ಲ. ಓದುಗರು ಎಡವುವ ಕಡೆ ಮಾತ್ರ ಕೈ ಹಾಕಬೇಕು. ಹಾಕಿದ ಮೇಲೆ ಇಡೀ ವಿವರಣೆಯನ್ನು ಒಮ್ಮೆಗೇ ಸರಿಪಡಿಸಬೇಕು.

2020ರ ಅಕ್ಟೋಬರ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 'ಹ್ಯಾಕ್ಟೋಬರ್‌ಫೆಸ್ಟ್' ಎಂಬ ವಾರ್ಷಿಕ ಕಾರ್ಯಕ್ರಮದಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಆ ವರ್ಷ ಸಾವಿರಾರು ಮಂದಿ, ನಮ್ಮ ದೇಶದ ವಿದ್ಯಾರ್ಥಿಗಳೂ ಸೇರಿದಂತೆ, ಯಾರದೋ ಯೋಜನೆಯ ಪರಿಚಯ ಪುಟಕ್ಕೆ 'ಅದ್ಭುತ ಯೋಜನೆ' ಎಂಬಂಥ ಪದಗಳನ್ನು ಸೇರಿಸಿ ಕಳಿಸಿದರು. ಸ್ವಂತ ಸಮಯ ಕೊಟ್ಟು ಯೋಜನೆ ನಡೆಸುವವರು ಕಸ ಗುಡಿಸುತ್ತಾ ಕೂರಬೇಕಾಯಿತು. ಕೆಲವೇ ದಿನಗಳಲ್ಲಿ ಸಂಘಟಕರು ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಕಾರ್ಯಕ್ರಮವನ್ನು ಸೀಮಿತಗೊಳಿಸಿದರು. ಆ ಪದಗಳಿಂದ ಯಾವ ಓದುಗರಿಗೂ ಉಪಯೋಗವಾಗಲಿಲ್ಲ, ಕಳಿಸಿದವರಿಗೆ ಒಳ್ಳೆಯ ಹೆಸರೂ ಬರಲಿಲ್ಲ.

ಎಲ್ಲಿಂದ ಶುರು ಮಾಡುವುದು?

ನೀವು ದಿನವೂ ಬಳಸುವ ಒಂದು ಸಾಫ್ಟ್‌ವೇರ್‌ನಿಂದಲೇ ಶುರು ಮಾಡಿ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಅದರ ವಿವರಣೆ ತೆರೆದು ಮೂರು ಪ್ರಶ್ನೆ ಕೇಳಿ. ಇದು ಏನು ಮಾಡುತ್ತದೆ ಎಂದು ಮೊದಲ ಸಾಲಿನಲ್ಲೇ ತಿಳಿಯಿತೇ? ಇದೇ ಬಗೆಯ ಬೇರೆ ಪ್ಯಾಕೇಜಿಗಿಂತ ಹೇಗೆ ಬೇರೆ ಎಂದು ತಿಳಿಯಿತೇ? ಈಗ ಇಲ್ಲದ ಸೌಲಭ್ಯದ ಬಗ್ಗೆ ಹಳೆಯ ಮಾತು ಉಳಿದುಕೊಂಡಿದೆಯೇ? ಅನುಮಾನ ಬಂದ ಕಡೆ ಪ್ರೋಗ್ರಾಂ ಓಡಿಸಿ ನೋಡಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ.

ನಂತರ ಹಳೆಯ ಸಾಲು, ಹೊಸ ಸಾಲು, ಬದಲಾವಣೆಗೆ ಕಾರಣ ಈ ಮೂರನ್ನೂ ಸೇರಿಸಿ ದೋಷ ವರದಿಯಾಗಿ ಕಳಿಸಿ. ಡೆಬಿಯನ್‌ನಲ್ಲಿ ಇದಕ್ಕೆ ಇಮೇಲ್ ಸಾಕು, 'ರಿಪೋರ್ಟ್‌ಬಗ್' ಎಂಬ ಸಾಧನವೂ ಇದೆ. ಪ್ಯಾಕೇಜಿನ ಹೊಣೆ ಹೊತ್ತವರು ಒಪ್ಪಬಹುದು, ಒಪ್ಪದಿರಬಹುದು, ತಿಂಗಳುಗಟ್ಟಲೆ ಉತ್ತರ ಬರದೆಯೂ ಇರಬಹುದು. ನಿಮ್ಮ ವಾದ ಮತ್ತು ಅವರ ಉತ್ತರ ಎರಡೂ ಎಲ್ಲರೂ ನೋಡುವಂತೆ ಅಲ್ಲಿ ಉಳಿಯುತ್ತವೆ.

ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಇದೇ ಕೌಶಲಕ್ಕೆ ಸಂಬಳ ಕೊಡುವ ಹುದ್ದೆ ಬೆಂಗಳೂರಿನಲ್ಲಿದೆ, ಅದರ ಹೆಸರು ಟೆಕ್ನಿಕಲ್ ರೈಟರ್. ಗೂಗಲ್ ಪ್ಲೇಯಲ್ಲಿ ಆ್ಯಪ್‌ನ ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80 ಅಕ್ಷರದ ಮಿತಿಯಿದೆ. ಹೆಸರಿನಲ್ಲಿ 'ಬೆಸ್ಟ್', 'ನಂಬರ್ ಒನ್' ಎಂದು ಹಾಕುವಂತಿಲ್ಲ. ಆ ಸಾಲುಗಳನ್ನೂ ಯಾರೋ ಒಬ್ಬರು ಕೂತು ಬರೆಯಲೇಬೇಕು. ಸಂದರ್ಶನದಲ್ಲಿ 'ನನಗೆ ಚೆನ್ನಾಗಿ ಬರೆಯಲು ಬರುತ್ತದೆ' ಎನ್ನುವುದಕ್ಕಿಂತ, ತಿದ್ದುವ ಮೊದಲಿನ ಸಾಲು ಮತ್ತು ತಿದ್ದಿದ ನಂತರದ ಸಾಲನ್ನು ತೋರಿಸುವುದು ಹೆಚ್ಚು ತೂಕದ ಮಾತು. ನಿಮ್ಮ ಬಯೋಡೇಟಾದಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಬಗ್ಗೆ ಬರೆದ ಸಾಲಿಗೂ ಇದೇ ಪರೀಕ್ಷೆ ಒಡ್ಡಿ ನೋಡಿ. 'ಇನ್ನೋವೇಟಿವ್', 'ಸ್ಮಾರ್ಟ್' ಎಂಬ ಪದಗಳನ್ನು ತೆಗೆದ ಮೇಲೆ ಏನು ಉಳಿಯುತ್ತದೆ?

2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಯುವಕ ಯುವತಿಯರ ಕೆಲಸದ ದಾರಿ ಎಂದರೆ ಬೆಂಗಳೂರಿನ ರೈಲು ಎಂಬಂತಾಗಿದೆ. ಹೋಗಿ ಬರುವುದರಲ್ಲೇ ದಿನಕ್ಕೆ ನಾಲ್ಕು ಗಂಟೆ ಕಳೆಯುವವರು ನಮ್ಮಲ್ಲಿ ಬಹಳ ಮಂದಿ. ಪ್ಯಾಕೇಜು ವಿವರಣೆ ತಿದ್ದುವುದರಿಂದ ನಾಳೆಯೇ ಆ ಪ್ರಯಾಣ ತಪ್ಪುವುದಿಲ್ಲ. ಆದರೆ ಈ ಕೆಲಸಕ್ಕೆ ದೊಡ್ಡ ಕಾಲೇಜಿನ ಹೆಸರು ಬೇಡ, ದುಬಾರಿ ಕೋರ್ಸ್ ಬೇಡ, ವೇಗದ ಲ್ಯಾಪ್‌ಟಾಪ್ ಸಹ ಬೇಡ. ಹಳೆಯ ಕಂಪ್ಯೂಟರ್, ತಕ್ಕಮಟ್ಟಿನ ಇಂಗ್ಲಿಷ್ ಮತ್ತು ಅರ್ಥವಾಗದ್ದನ್ನು 'ಅರ್ಥವಾಗಲಿಲ್ಲ' ಎಂದು ಹೇಳುವ ಧೈರ್ಯ ಇದ್ದರೆ ಸಾಕು. ಕನ್ನಡ ಫಾಂಟ್‌ಗಳ ಆ ಮೂರು ಸಾಲುಗಳನ್ನೇ ಮೊದಲ ಅಭ್ಯಾಸವಾಗಿ ತೆಗೆದುಕೊಳ್ಳಿ. ಮೂರಕ್ಕೂ ಹೊಂದುವ ಒಂದೇ ರೀತಿಯ ಸಾರಾಂಶವನ್ನು 80 ಅಕ್ಷರದೊಳಗೆ ಬರೆದು ನೋಡಿ.