ಬಟಾಣಿ: ಹೆಸರು ಒಂದೇ, ಬೆಳೆ ಮೂರು

'ಬಟಾಣಿ ಬೀಜ ಕೊಡಿ' ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವುದು ನಮಗೆ ಬೇಕಾದ್ದೇ ಆಗಿರಬೇಕೆಂದಿಲ್ಲ. ಹಸಿ ಕಾಳಿಗೆ ಬೆಳೆಯುವುದೂ ಬಟಾಣಿ, ಸಿಪ್ಪೆ ಸಮೇತ ತಿನ್ನುವುದೂ ಬಟಾಣಿ, ಒಣಗಿಸಿ ಇಡುವುದೂ ಬಟಾಣಿ. ಆದರೆ ತಳಿ ಬೇರೆ, ಕೊಯ್ಲು ಬೇರೆ, ಹೊಟ್ಟೆಗೆ ಸಿಗುವ ಸತ್ವವೂ ಬೇರೆ. ಕಾಲೆಕರೆಯಲ್ಲಿ ಬೆಳೆಯುವವರು ಇದನ್ನು ಬಿತ್ತುವ ಮೊದಲೇ ಯೋಚಿಸಬೇಕು.

ಸುಕ್ಕು ಬೀಜ, ಸಿಹಿ ಕಾಳು

ಬೀಜವನ್ನು ಅಂಗೈಯಲ್ಲಿ ಹಾಕಿ ನೋಡಿ. ಸುಕ್ಕುಗಟ್ಟಿದ್ದರೆ ಜೊಳ್ಳು ಅಂತ ಬಿಸಾಡಬೇಡಿ. ಅದು ಸಿಹಿ ಬಟಾಣಿಯ ಗುರುತು. ಅದರಲ್ಲಿ ಸಕ್ಕರೆ ಹೆಚ್ಚು, ಪಿಷ್ಟ ಕಡಿಮೆ. ಹಾಗಾಗಿ ಒಣಗಿದಾಗ ಮುದುಡಿಕೊಳ್ಳುತ್ತದೆ. 1866ರಲ್ಲಿ ಮೆಂಡೆಲ್ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲೂ ಈ ಗುಂಡು-ಸುಕ್ಕು ಗುಣ ಸೇರಿತ್ತು. ಅರ್ಕೆಲ್, ಬೊನ್ನೆವಿಲ್ಲೆ ಈ ಜಾತಿಯವು.

ಹಸಿ ಕಾಳು 100 ಗ್ರಾಂ ತಿಂದರೆ ಸುಮಾರು 5 ಗ್ರಾಂ ಸಸಾರಜನಕ, ಅಷ್ಟೇ ನಾರು, 40 ಮಿಲಿಗ್ರಾಂ ಸಿ ಜೀವಸತ್ವ ಸಿಗ್ತದೆ. ಆದರೆ ಕೊಯ್ದ ಗಳಿಗೆಯಿಂದಲೇ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಕೊಯ್ದು, ನೆರಳಲ್ಲಿಟ್ಟು, ಅಂದೇ ಸಾಗಿಸಿದರೆ ಮಾತ್ರ ರುಚಿ.

ಸಿಪ್ಪೆಯೂ ತರಕಾರಿ

ಮಾಮೂಲಿ ಬಟಾಣಿಯ ಸಿಪ್ಪೆಯೊಳಗೆ ಕಾಗದದಂಥ ಗಟ್ಟಿ ಪದರ ಇರುತ್ತದೆ, ಅಗಿಯಲಾಗದು. ಸಿಪ್ಪೆ ಸಮೇತ ತಿನ್ನುವ ತಳಿಯಲ್ಲಿ ಅದಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಂಪೂರ್ಣ ಇಂಥದ್ದು. ಸಸಾರಜನಕ 3 ಗ್ರಾಂಗಿಂತ ತುಸು ಕಡಿಮೆ, ಸಿ ಜೀವಸತ್ವ ಮಾತ್ರ 60 ಮಿಲಿಗ್ರಾಂ. ಸುಲಿಯುವ ಬಟಾಣಿಯಲ್ಲಿ ಕಾಯಿಯ ತೂಕದ ಅರ್ಧದಷ್ಟು ಸಿಪ್ಪೆಗೇ ಹೋಗ್ತದೆ. ಇಲ್ಲಿ ಆ ನಷ್ಟ ಇಲ್ಲ. ಮನೆ ಹಿತ್ತಿಲಿಗೆ ಹೇಳಿ ಮಾಡಿಸಿದ ಬೆಳೆ.

ಗುಂಡು ಕಾಳು, ವರ್ಷದ ದಾಸ್ತಾನು

ನುಣುಪಾದ ಗುಂಡು ಬೀಜದ್ದು ಒಣ ಬಟಾಣಿ. ಒಣ ಕಾಳಿನ 100 ಗ್ರಾಂನಲ್ಲಿ 20 ಗ್ರಾಂಗೂ ಮೇಲ್ಪಟ್ಟು ಸಸಾರಜನಕ. ಸಿ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮೊಳಕೆ ಕಟ್ಟಿದರೆ ಹೆಚ್ಚುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಹೊಟ್ಟೆಯುಬ್ಬರ ಕಡಿಮೆ.

ಅಕ್ಕಿ, ರಾಗಿ, ಜೋಳದಲ್ಲಿ ಲೈಸಿನ್ ಎಂಬ ಅಂಶ ಸಾಲದು, ಬಟಾಣಿಯಲ್ಲಿ ಅದು ಧಾರಾಳ. ಬಟಾಣಿಯಲ್ಲಿ ಕೊರತೆಯಾಗುವ ಮೆಥಿಯೋನಿನ್ ಈ ಧಾನ್ಯಗಳಲ್ಲಿದೆ. ಮುದ್ದೆಗೋ ರೊಟ್ಟಿಗೋ ಕಾಳಿನ ಪಲ್ಯ ಇದ್ದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಪೇಟೆಯ ಹಸಿರು

ಒಣ ಬಟಾಣಿಗೆ ಬಣ್ಣ ಹಾಕಿ ಮಾರುವುದುಂಟು. ಗಾಜಿನ ಲೋಟದ ನೀರಿನಲ್ಲಿ ಅರ್ಧ ಗಂಟೆ ಹಾಕಿಡಿ. ನೀರು ಹಸಿರಾದರೆ ಆ ಕಾಳು ಬೇಡ. ಹಾಗೆಯೇ ಔಷಧ ಸವರಿದ ಬಿತ್ತನೆ ಬೀಜ ಉಳಿಯಿತೆಂದು ಸಾರಿಗೆ ಹಾಕಬಾರದು, ದನಕ್ಕೂ ಇಡಬಾರದು.

ಮನೆಗೆ ಎರಡು ಸಾಲು

ಚಿಕ್ಕಮಗಳೂರು, ಹಾಸನದ ಕಡೆಯ ತಂಪು ಹವೆ ಬಟಾಣಿಗೆ ಒಗ್ಗುತ್ತದೆ. ಹೂ ಬಿಡುವಾಗ ಬಿಸಿಲೇರಿದರೆ ಕಾಯಿ ಕಚ್ಚದು. ಕರಾವಳಿಯ ಸೆಖೆಗೆ ಇದು ಹೇಳಿದ್ದಲ್ಲ. ಅಲ್ಲಿ ಅಲಸಂಡೆಯೇ ಸರಿ. ಅದರ ಒಣ ಕಾಳಿನಲ್ಲೂ ಸಸಾರಜನಕ ಬಟಾಣಿಯಷ್ಟೇ ಇದೆ.

ರೇಟು ಚೆನ್ನಾಗಿದ್ದಾಗ ಇದ್ದದ್ದೆಲ್ಲ ಮೂಟೆ ಕಟ್ಟುವುದು ನಮ್ಮ ರೂಢಿ. ಮತ್ತೆ ಮಳೆಗಾಲದಲ್ಲಿ ಮಕ್ಕಳ ಊಟಕ್ಕೆ ಕಾಳನ್ನು ದುಡ್ಡು ಕೊಟ್ಟು ತರುತ್ತೇವೆ. ಕೈ ಬಿಗಿಯಾದರೆ ಬರೀ ತಿಳಿಸಾರು. ಹೀಗಾಗಬಾರದೆಂದಿದ್ದರೆ ಬಿತ್ತುವಾಗಲೇ ಗುಂಡು ಬೀಜದ್ದೊಂದು ಸಾಲು, ಸಿಪ್ಪೆ ತಿನ್ನುವುದರದ್ದೊಂದು ಸಾಲು ಮನೆಗೆಂದೇ ಇಡಿ. ಬಟಾಣಿ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ. ಹಾಗಾಗಿ ರೋಗವಿಲ್ಲದ ನಾಲ್ಕು ಗಿಡ ಬಲಿಯಲು ಬಿಟ್ಟರೆ ಮುಂದಿನ ವರ್ಷದ ಬೀಜವೂ ಆಯಿತು. ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಮುಚ್ಚಳ ಬಿಗಿದಿಡಿ. ಹಂಬು ದನಕ್ಕೆ, ಗಂಟುಬೇರು ಮಣ್ಣಿಗೆ.