ನಮ್ಮೂರಿನ ಬಿದ್ರಿ ಕಲೆ ಮತ್ತು ನಾವು

ಕಳೆದ ವರ್ಷ ಕಾಲೇಜಿಗೆ ಸೇರುವಾಗ ಅರ್ಜಿಯ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ವ್ಯಾಪಾರ’ ಎಂದು ಬರೆದಿದ್ದೆ. ಅದು ಸುಳ್ಳು. ನಮ್ಮ ಅಬ್ಬಾ ಬಿದ್ರಿ ಕೆಲಸಗಾರರು. ಕಪ್ಪು ಹಿಡಿದ ಅವರ ಕೈಗಳನ್ನು ಗೆಳತಿಯರು ನೋಡಿದರೆ ಏನೆಂದುಕೊಂಡಾರೋ ಎಂಬ ನಾಚಿಕೆ ನನಗಿತ್ತು.

ಈ ವರ್ಷ ಗೆಳತಿಯೊಬ್ಬಳು ಮನೆಗೆ ಬಂದಳು. ಕಪಾಟಿನಲ್ಲಿದ್ದ ಹೂದಾನಿಯ ಬೆಲೆ ಕೇಳಿ, “ಇಷ್ಟ್ ಸಣ್ಣದಕ್ಕ ಇಷ್ಟ್ಯಾಕ ರೊಕ್ಕ?” ಎಂದಳು. ನನಗೆ ಉತ್ತರ ಹೇಳಲಾಗಲಿಲ್ಲ. 17 ವರ್ಷದಿಂದ ಆ ಸುತ್ತಿಗೆಯ ಸದ್ದಿನಲ್ಲೇ ಬೆಳೆದವಳಿಗೆ ಕೆಲಸವೇ ಗೊತ್ತಿರಲಿಲ್ಲ. ಅಂದು ಸಂಜೆ ಅಬ್ಬಾ ಪಕ್ಕದಲ್ಲಿ ಕೂತು ಒಂದೊಂದಾಗಿ ಕೇಳಿದೆ. ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಬಿದ್ರಿ ಪಾತ್ರೆಯ ಲೋಹ ಹೆಚ್ಚಿನ ಪಾಲು ಸತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ತಣ್ಣಗಾದ ಮೇಲೆ ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಹಚ್ಚುತ್ತಾರೆ. ನಾವು ತರಗತಿಯಲ್ಲಿ ಓದಿದ ಸ್ಥಾನಪಲ್ಲಟ ಕ್ರಿಯೆ ಇಲ್ಲೇ ನಡೆಯುತ್ತದೆ. ಮೇಲ್ಮೈ ಸ್ವಲ್ಪ ಹೊತ್ತಿಗೆ ಕಪ್ಪಾಗಿ, ಅದರ ಮೇಲೆ ಗೀಚಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಹೂವು, ಎಲೆ, ಬಳ್ಳಿಗಳನ್ನು ಮೊನಚಾದ ಉಕ್ಕಿನ ಕಡ್ಡಿಯಿಂದ ಬರಿಗೈಯಲ್ಲೇ ಬಿಡಿಸುತ್ತಾರೆ.

ಮುಂದಿನದು ತಾಳ್ಮೆಯ ಕೆಲಸ. ಬಿಡಿಸಿದ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆದು, ಆ ಸಂದಿಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಿ ಮೆಲ್ಲಗೆ ಬಡಿಯಬೇಕು. ಕೊನೆಯಲ್ಲಿ ಪಾತ್ರೆಯನ್ನು ಬಿಸಿ ಮಾಡಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರ, ಅಂದರೆ ನಮ್ಮ ಪ್ರಯೋಗಾಲಯದ ಅಮೋನಿಯಂ ಕ್ಲೋರೈಡ್, ಕಲಸಿ ಉಜ್ಜುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದಕ್ಕೆ ಬಿಸಿಲು ಮಳೆ ಕಾಣದ ಹಳೆಯ ಜಾಗದ ಮಣ್ಣೇ ಆಗಬೇಕು. ಅನುಭವಿಗಳು ಅದನ್ನು ನಾಲಿಗೆಗೆ ತಾಗಿಸಿ ಗುರುತಿಸುತ್ತಾರೆ.

ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಇಲ್ಲಿಗೆ ಬಂತೆಂದು ಹೇಳುತ್ತಾರೆ. ಬಂದ ಕಲೆಗೆ ನಮ್ಮೂರಿನ ಹೆಸರೇ ನಿಂತಿತು. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ನಮಗೆಲ್ಲ ಹೆಮ್ಮೆಯೇ.

ಆದರೆ ಹೆಮ್ಮೆಯಿಂದ ಒಲೆ ಉರಿಯುವುದಿಲ್ಲ. ನನ್ನ ಅಣ್ಣ ನಾಲ್ಕು ವರ್ಷ ಕೆತ್ತನೆ ಕಲಿತು, ಈಗ ಹೈದರಾಬಾದಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ. ಅವನ ತಪ್ಪೇನೂ ಇಲ್ಲ. ಅಲ್ಲಿ ತಿಂಗಳಿಗೆ ಸಂಬಳ ಖಚಿತ. ಇಲ್ಲಿ ಬೆಳ್ಳಿಯ ಬೆಲೆ ಏರಿದರೂ ಗಿರಾಕಿ ಹಳೆಯ ಬೆಲೆಯನ್ನೇ ಕೇಳುತ್ತಾನೆ. ಅವನ ಉಳಿಗಳನ್ನು ಅಬ್ಬಾ ಇಂದಿಗೂ ಒರೆಸಿ ಇಡುತ್ತಾರೆ, ಏನೂ ಹೇಳುವುದಿಲ್ಲ.

ಹಾಗಾದರೆ ವಿದ್ಯಾರ್ಥಿಗಳಾದ ನಾವೇನು ಮಾಡಬಹುದು? ಕೊಳ್ಳಲು ನಮ್ಮಲ್ಲಿ ಹಣವಿಲ್ಲ, ನಿಜ. ಕಲೆಗೆ ಕೊಳ್ಳುವವರಷ್ಟೇ ಅದನ್ನು ಬಲ್ಲವರೂ ಬೇಕು. ಕೆಲಸ ಗೊತ್ತಿಲ್ಲದವರಿಗೆ ಕೈಕೆಲಸವೂ ಬಣ್ಣ ಬಳಿದ ನಕಲಿಯೂ ಒಂದೇ. ಆಗ ಅಗ್ಗದ್ದೇ ಗೆಲ್ಲುತ್ತದೆ. ಮೊದಲು ಚೌಬಾರದ ಹತ್ತಿರದ ಅಂಗಡಿಗಳಿಗೆ ಒಮ್ಮೆ ಹೋಗಿ ನೋಡಿ. ಚೌಕಾಸಿ ಮಾಡುವ ಮುನ್ನ ಇದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಿ. ಚಿತ್ರ ಬರೆಯುವವರು ಹೊಸ ವಿನ್ಯಾಸ ಬಿಡಿಸಿ ಕೆಲಸಗಾರರಿಗೆ ತೋರಿಸಿ. ವಾಣಿಜ್ಯ ವಿಭಾಗದವರು ಒಬ್ಬರಿಗಾದರೂ ಲೆಕ್ಕ ಬರೆಯಲು, ಫೋನಿನಲ್ಲಿ ಫೋಟೊ ಹಾಕಿ ಮಾರಲು ನೆರವಾಗಬಹುದು. ವಾರ್ಷಿಕೋತ್ಸವದ ಅತಿಥಿಗಳಿಗೆ ಪ್ಲಾಸ್ಟಿಕ್ ಫಲಕದ ಬದಲು ಸಣ್ಣದೊಂದು ಬಿದ್ರಿ ವಸ್ತು ಕೊಡೋಣ ಎಂದು ಪ್ರಾಂಶುಪಾಲರನ್ನು ಕೇಳಿಕೊಳ್ಳೋಣ.

ನಾನೀಗ ಭಾನುವಾರಗಳಲ್ಲಿ ಅಬ್ಬಾ ಬಳಿ ಎಲೆ ಬಿಡಿಸುವುದನ್ನು ಕಲಿಯುತ್ತಿದ್ದೇನೆ. ಗೆರೆ ಇನ್ನೂ ನಡುಗುತ್ತದೆ. ಒಂದು ತಟ್ಟೆಯನ್ನು ಕೆಡಿಸಿಯೂ ಆಗಿದೆ. ಮುಂದೆ ಪದವಿಗೆ ಅರ್ಜಿ ತುಂಬುವಾಗ ತಂದೆಯ ಉದ್ಯೋಗ ‘ಬಿದ್ರಿ ಕುಶಲಕರ್ಮಿ’ ಎಂದೇ ಬರೆಯುತ್ತೇನೆ. ನೋಡಬೇಕೆನ್ನುವವರು ಒಂದು ಭಾನುವಾರ ನಮ್ಮ ಮನೆಗೆ ಬನ್ನಿ. ಚಹಾ ಅಮ್ಮಿ ಮಾಡುತ್ತಾರೆ, ಕೆಲಸ ಅಬ್ಬಾ ತೋರಿಸುತ್ತಾರೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ